ಬ್ಯಾಂಕಿನ ಗುಟ್ಟು, ಮನೆಯ ಗುಟ್ಟು

(ಹೊಸೂರಿನ ಕಾರ್ಮಿಕರ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ಕೈಸಾಲ, ಬ್ಯಾಂಕಿನ ಸಾಲ, ಒಡವೆಯ ಮೇಲಿನ ಸಾಲ, ಈಚೆಗೆ ಮೊಬೈಲಿನಲ್ಲೇ ಸಿಗುವ ಸಾಲ: ಇವುಗಳಲ್ಲಿ ಒಂದಾದರೂ ಇಲ್ಲದ ಕಾರ್ಮಿಕರ ಮನೆ ಅಪರೂಪ. ಸಾಲ ಮಾಡಿದವರು ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ: "ಈ ವಿಷಯವನ್ನು ಬ್ಯಾಂಕಿನವರು ನನ್ನ ಹೆಂಡತಿಗೆ ಹೇಳಿಬಿಡುತ್ತಾರೆಯೆ?" ಅದಕ್ಕೆ ಮೊದಲು ಉತ್ತರ ಕೊಟ್ಟು, ಅದರ ಹಿಂದಿರುವ ಇನ್ನೊಂದು ಪ್ರಶ್ನೆಯನ್ನು ಆಮೇಲೆ ನಿಮ್ಮ ಮುಂದಿಡುತ್ತೇನೆ.

ಬ್ಯಾಂಕಿನವರು ಹೇಳುವಂತಿಲ್ಲ. ಖಾತೆ ನಿಮ್ಮೊಬ್ಬರ ಹೆಸರಿನಲ್ಲೇ ಇದ್ದರೆ, ಗಂಡನೆಂದಾಗಲಿ ಹೆಂಡತಿಯೆಂದಾಗಲಿ ಬಂದು ಕೇಳಿದವರಿಗೆ ಲೆಕ್ಕ ತೋರಿಸುವ ಅಧಿಕಾರ ಮ್ಯಾನೇಜರಿಗಿಲ್ಲ. 1955ರ ಸ್ಟೇಟ್ ಬ್ಯಾಂಕ್ ಕಾಯಿದೆಯ 44ನೆಯ ಕಲಮೂ, ರಾಷ್ಟ್ರೀಕೃತ ಬ್ಯಾಂಕುಗಳ ಬಗ್ಗೆ 1970ರಲ್ಲಿ ಬಂದ ಕಾಯಿದೆಯ 13ನೆಯ ಕಲಮೂ ಗಿರಾಕಿಯ ಗುಟ್ಟನ್ನು ಕಾಯುವ ಹೊಣೆಯನ್ನು ಬ್ಯಾಂಕಿನ ಮೇಲೆ ಹೊರಿಸಿವೆ.

ಈ ನಿಯಮದ ಹಿಂದೆ ಒಬ್ಬ ನೌಕರನ ಕಥೆಯಿದೆ. ಇಂಗ್ಲೆಂಡಿನಲ್ಲಿ ಟೂರ್ನಿಯರ್ ಎಂಬವನು ಬ್ಯಾಂಕಿಗೆ 9 ಪೌಂಡು ಚಿಲ್ಲರೆ ಬಾಕಿ ಉಳಿಸಿಕೊಂಡು, ವಾರಕ್ಕೆ 1 ಪೌಂಡಿನಂತೆ ತೀರಿಸಲು ಒಪ್ಪಿದ್ದನು. ಕಂತು ತಪ್ಪಿದಾಗ ಮ್ಯಾನೇಜರನು ಅವನ ಕಂಪನಿಗೇ ಫೋನ್ ಮಾಡಿ, ಬಾಕಿಯ ಮಾತನ್ನೂ ಜೂಜಿನ ಸಂಶಯವನ್ನೂ ಹೇಳಿಬಿಟ್ಟನು. ಅವನ ಕೆಲಸ ಹೋಯಿತು. ಅಪೀಲು ಕೋರ್ಟು ಅವನ ವಾದವನ್ನು ಒಪ್ಪಿತು. ಗಿರಾಕಿಯ ಗುಟ್ಟನ್ನು ಬಿಟ್ಟುಕೊಡಲು ನಾಲ್ಕು ಕಾರಣಗಳನ್ನು ಮಾತ್ರ ಆ ತೀರ್ಪು ಹೇಳಿತು: ಕಾನೂನಿನ ಒತ್ತಾಯ, ಸಾರ್ವಜನಿಕರ ಹಿತ, ಬ್ಯಾಂಕಿನ ಸ್ವಂತ ಹಿತ, ಗಿರಾಕಿಯ ಒಪ್ಪಿಗೆ. ಮದುವೆಯ ಸಂಬಂಧ ಈ ನಾಲ್ಕರಲ್ಲಿ ಸೇರಿಲ್ಲ.

ಈ ಗೋಡೆ ನಮ್ಮಂಥವರಿಗೆ ಬೇಕು. ಧಣಿಯ ಕಿವಿಗೆ ನಮ್ಮ ಬಡತನ ಬೀಳದಂತೆ ಇದು ತಡೆಯುತ್ತದೆ. ಕುಡುಕ ಗಂಡನ ಕೈಗೆ ಸಿಗದಂತೆ ಮಕ್ಕಳ ಫೀಜಿಗೆಂದು ತಾಯಿ ಕೂಡಿಟ್ಟ ಹಣವನ್ನೂ ಇದೇ ಕಾಯುತ್ತದೆ. ಆ ತಾಯಿಯನ್ನು ನಾನು ತಪ್ಪಿತಸ್ಥಳೆನ್ನಲಾರೆ.

ಈಗ ಎರಡನೆಯ ಪ್ರಶ್ನೆ. ಬ್ಯಾಂಕು ಹೇಳದಿದ್ದರೆ ಹೆಂಡತಿಗೆ ಹೇಳುವವರು ಯಾರು? ಸಾಲ ಮಾಡಿದವನೇ ಹೇಳಬೇಕು. ಏಕೆಂದರೆ ಬಚ್ಚಿಟ್ಟ ಸಾಲ ಬೇರೆ ಬಾಗಿಲುಗಳಿಂದ ಮನೆಯೊಳಗೆ ಬಂದೇ ಬರುತ್ತದೆ.

ಮೊದಲನೆಯ ಬಾಗಿಲು ಒಡವೆ. ಗಿರವಿಯಿಟ್ಟ ಸರದ ಹರಾಜು ನೋಟೀಸು ಮನೆಯ ವಿಳಾಸಕ್ಕೇ ಬರುತ್ತದೆ.

ಎರಡನೆಯದು ರುಜು. ಗಂಡ ಮಾಡಿದ ಸ್ವಂತ ಸಾಲಕ್ಕೆ ಹೆಂಡತಿ ಎಂಬ ಕಾರಣದಿಂದಲೇ ಯಾರೂ ಹೊಣೆಯಾಗುವುದಿಲ್ಲ. ಆದರೆ "ಇಲ್ಲೊಂದು ಸಹಿ ಹಾಕು" ಎಂದಾಗ ಓದದೆ ಜಾಮೀನಿಗೆ ಸಹಿ ಹಾಕಿದರೆ, 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರಳ ಹೊಣೆ ಸಾಲಗಾರನ ಹೊಣೆಯಷ್ಟೇ ಆಗುತ್ತದೆ.

ಮೂರನೆಯದು ಮರಣ. ಸತ್ತವನ ಸಾಲವನ್ನು ಹೆಂಡತಿ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ತೀರಿಸಬೇಕಾಗಿಲ್ಲ. ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ಸಾಲಕೊಟ್ಟವರಿಗೆ ಹಕ್ಕುಂಟು. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, 1925ರ ಉತ್ತರಾಧಿಕಾರ ಕಾಯಿದೆಯಂತೆ, ವಿಧವೆಗೆ ಮೂರರಲ್ಲೊಂದು ಪಾಲು, ಮಕ್ಕಳಿಗೆ ಮೂರರಲ್ಲೆರಡು. ಆದರೆ ಪಾಲು ಮಾಡುವುದು ಸಾಲ ಕಳೆದ ಮೇಲೆ. ಇದೆ ಎಂದು ನಂಬಿದ್ದ ಸೈಟು ಇಲ್ಲವೆಂದು ಸಮಾಧಿಯಿಂದ ಹಿಂದಿರುಗಿದ ವಾರದಲ್ಲಿ ತಿಳಿಯುವುದು ಎಂಥ ಕ್ರೂರ ಸಂಗತಿ!

ಎರಡನೆಯ ಅರಸುಗಳ ಗ್ರಂಥದ 4ನೆಯ ಅಧ್ಯಾಯವನ್ನು ನೆನೆಯಿರಿ. ಪ್ರವಾದಿ ಮಂಡಲಿಯವನೊಬ್ಬ ದೇವಭಕ್ತನಾಗಿಯೇ ತೀರಿಕೊಂಡ, ಸಾಲವನ್ನೂ ಬಿಟ್ಟುಹೋದ. ಸಾಲಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ದಾಸರನ್ನಾಗಿ ಒಯ್ಯಲು ಬಂದ. ಎಲೀಷನು ಆ ವಿಧವೆಯನ್ನು ಗದರಿಸಲಿಲ್ಲ. ಮನೆಯಲ್ಲಿ ಏನಿದೆಯೆಂದು ಕೇಳಿದನು. ಒಂದು ಪಾತ್ರೆ ಎಣ್ಣೆ ಇದೆಯೆಂದು ಆಕೆ ಹೇಳಿದಳು. ಆ ಎಣ್ಣೆಯಿಂದಲೇ ಸಾಲ ತೀರಿತು, ಉಳಿದದ್ದು ಜೀವನಕ್ಕಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದಲ್ಲಿಂದ ಬಿಡುಗಡೆ ಪ್ರಾರಂಭವಾಯಿತು.

"ಹೇಳಿದರೆ ಜಗಳವಾಗುತ್ತದೆ" ಎನ್ನುವಿರಿ. ಆಗಬಹುದು. ಆದರೆ ವಸೂಲಿಗಾರನ ಬಾಯಿಂದ ಕೇಳಿದಾಗ ಆಗುವ ಜಗಳ ಬೇಗ ಮುಗಿಯುವಂಥದ್ದಲ್ಲ. ಸಂಘದ ಸಾಲ ಮಾಡಿ ಮುಚ್ಚಿಟ್ಟ ಸಹೋದರಿಯರಿಗೂ ಈ ಮಾತು ಸಲ್ಲುತ್ತದೆ. ಹೇಳಿದರೆ ಏಟು ಬೀಳುವ ಮನೆಯಾದರೆ ಒಂಟಿಯಾಗಿ ಹೇಳಬೇಡಿರಿ. ಮೊದಲು ಅಯ್ಯನವರಿಗೋ ನಂಬಿಕೆಯ ಹಿರಿಯಕ್ಕನಿಗೋ ತಿಳಿಸಿರಿ. ವಸೂಲಿಗಾರನಿಗೂ ಅಂಜಬೇಕಾಗಿಲ್ಲ. ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡಕೂಡದು, ಮನೆಯವರನ್ನೂ ಸ್ನೇಹಿತರನ್ನೂ ಪೀಡಿಸಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ತಾಕೀತು ಮಾಡಿತು.

ಈ ಸಂಬಳದ ದಿನ ಒಂದು ಕೆಲಸ ಮಾಡಿರಿ. ಊಟವಾದ ಮೇಲೆ ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಯಾರಿಗೆ ಜಾಮೀನು ನಿಂತಿದ್ದೇವೆ, ಗಿರವಿಯ ರಸೀದಿ ಎಲ್ಲಿದೆ. ಹಾಳೆಯನ್ನು ಇಬ್ಬರಿಗೂ ಗೊತ್ತಿರುವ ಜಾಗದಲ್ಲಿಡಿರಿ. ಮುಂದೆ ಯಾವ ಸಾಲಕ್ಕಾದರೂ ಸಹಿ ಹಾಕುವ ಮುನ್ನ ಆ ಹಾಳೆಯನ್ನು ಇಬ್ಬರೂ ನೋಡಿರಿ.

ಬಲಿಪೀಠದ ಮುಂದೆ ಕೈಹಿಡಿದವರು ಸುಖಕ್ಕೆ ಹೇಗೋ ಕಷ್ಟಕ್ಕೂ ಹಾಗೆ ಒಪ್ಪಿದ್ದೇವೆ. ಸಾಲವೂ ಆ ಕಷ್ಟದ ಒಂದು ಪಾಲು. ದೇವರು ನಮ್ಮ ಮನೆಗಳನ್ನು ಆಶೀರ್ವದಿಸಲಿ.