ಹಿಡಿತದ ಧರ್ಮ: ಚಿಕ್ಕ ಮಿಲ್ಲಿಂಗ್ ಯಂತ್ರಕ್ಕೆ ವೈಸಿನ ಆಯ್ಕೆ ಮತ್ತು ಆರೈಕೆ

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಪಠ್ಯ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲುಗಳ ಪ್ರಸ್ತಾಪವಾಗುವುದು ವಾಡಿಕೆ. ಆ ವಾಡಿಕೆಯನ್ನು ಈ ಬಾರಿ ಮುರಿಯಲು ಅನುಮತಿ ನೀಡಿದ ಸಮಿತಿಗೆ ನಾವು ಕೃತಜ್ಞರಾಗಿದ್ದೇವೆ. ನಮ್ಮ ಊರಿನ ಕನ್ನಡಿಗರಲ್ಲಿ ಐದಾರು ಮಂದಿ, ಬಹುತೇಕ ಐವತ್ತು ದಾಟಿದವರು, ಗ್ಯಾರೇಜಿನ ಮೂಲೆಯಲ್ಲಿ ಚಿಕ್ಕ ಮಿಲ್ಲಿಂಗ್ ಯಂತ್ರಗಳನ್ನು ಇರಿಸಿಕೊಂಡು ಬಿಡುವಿನ ವೇಳೆಯನ್ನು ಅಲ್ಲಿ ಕಳೆಯುತ್ತೇವೆ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಯಂತ್ರದ ಮೋಟಾರಿನ ಅಶ್ವಶಕ್ತಿಯನ್ನು ವಿಚಾರಿಸುತ್ತಾರೆ, ವೇಗವನ್ನು ವಿಚಾರಿಸುತ್ತಾರೆ. ಲೋಹವನ್ನು ಹಿಡಿದಿಡುವ ವೈಸಿನ ಬಗೆಗೆ ಕೇಳುವವರು ವಿರಳ. ಆದ್ದರಿಂದ ಅದನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇವೆ.

ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ, ಉಳಿ ನಿಂತಿರುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಉಳಿಯೇ ತಿರುಗುತ್ತದೆ, ತುಂಡು ಮೇಜಿನೊಂದಿಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುತ್ತದೆ. ಬೆಂಗಳೂರಿನವರಿಗೆ ಈ ಯಂತ್ರ ಅಪರಿಚಿತವೇನಲ್ಲ. 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಮತ್ತು 1961ರಲ್ಲಿ ಆರಂಭವಾದ ಭಾರತ್ ಫ್ರಿಟ್ಜ್ ವರ್ನರ್ ಸಂಸ್ಥೆಗಳು ಆ ನಗರಕ್ಕೆ ಯಂತ್ರೋಪಕರಣಗಳ ಊರೆಂಬ ಹೆಸರನ್ನು ತಂದುಕೊಟ್ಟವು. ಆ ಕಾರ್ಖಾನೆಗಳ ಯಂತ್ರಗಳು ಆನೆಗಳಾದರೆ ನಮ್ಮವು ಆಡಿನ ಮರಿಗಳು. ಆದರೆ ಎರಡಕ್ಕೂ ನಿಯಮ ಒಂದೇ: ತುಂಡು ಅಲುಗಿದರೆ ಕೆಲಸ ಕೆಟ್ಟಿತು.

ನಮ್ಮ ವೃತ್ತಿಗೆ ಇದು ಹೊಸ ಪಾಠವಲ್ಲ. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೌರಿಸ್ ಮ್ಯೂಲರ್ ಮತ್ತು ಅವರ ಶಸ್ತ್ರವೈದ್ಯ ಮಿತ್ರರು ಮುರಿದ ಮೂಳೆಗಳ ಚಿಕಿತ್ಸೆಗಾಗಿ ಎ.ಒ. ಎಂಬ ಅಧ್ಯಯನ ಕೂಟವನ್ನು ಕಟ್ಟಿದರು. ಮೂಳೆಯ ತುಂಡುಗಳನ್ನು ಸರಿಯಾಗಿ ಕೂಡಿಸಿ, ಪಟ್ಟಿ ಮತ್ತು ಸ್ಕ್ರೂಗಳಿಂದ ಭದ್ರವಾಗಿ ಹಿಡಿದಿಡಬೇಕೆಂಬುದು ಅವರ ವಾದ. ಅದಕ್ಕೆ ಬೇಕಾದ ಉಪಕರಣಗಳನ್ನು ತಯಾರಿಸಿಕೊಟ್ಟವರು ವೈದ್ಯರಲ್ಲ. ರಾಬರ್ಟ್ ಮ್ಯಾಥಿಸ್ ಎಂಬ, ಯಂತ್ರದ ಕೆಲಸ ಬಲ್ಲ ಕುಶಲಿಗ. ಮೊದಲು ಸರಿಯಾಗಿ ಕೂಡಿಸು, ಅನಂತರ ಬಿಗಿಯಾಗಿ ಹಿಡಿ ಎಂಬ ಆ ಎರಡು ಸೂತ್ರಗಳು ವೈಸಿಗೂ ಅಕ್ಷರಶಃ ಸಲ್ಲುತ್ತವೆ.

ವೈಸಿಗೆ ಎರಡು ದವಡೆಗಳು. ಮನುಷ್ಯನಲ್ಲಿ ಮೇಲ್ದವಡೆ ಸ್ಥಿರ, ಕೆಳದವಡೆ ಚರ. ವೈಸಿನಲ್ಲಿಯೂ ಒಂದು ಸ್ಥಿರ, ಒಂದು ಚರ. ಸಾಮಾನ್ಯ ಡ್ರಿಲ್ಲಿಂಗ್ ವೈಸಿನ ದೋಷ ಇರುವುದು ಈ ಚರ ದವಡೆಯಲ್ಲಿ. ಅದನ್ನು ತಳ್ಳುವ ಸ್ಕ್ರೂ ಕೆಳಗಿರುತ್ತದೆ, ತುಂಡಿನ ಪ್ರತಿರೋಧ ಮೇಲಿರುತ್ತದೆ. ಬಿಗಿದೊಡನೆ ದವಡೆ ತನ್ನ ಜಾಡಿನ ಸಡಿಲದಲ್ಲಿ ಹಿಂದಕ್ಕೆ ವಾಲಿ ತುಂಡನ್ನೂ ಕೂದಲೆಳೆಯಷ್ಟು ಮೇಲೆತ್ತುತ್ತದೆ. ನಾವು ಸಮತಟ್ಟಾಗಿ ಕತ್ತರಿಸಿದೆವೆಂದು ತಿಳಿದ ಮುಖ ಬಿಚ್ಚಿ ನೋಡಿದಾಗ ಓರೆಯಾಗಿರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯಿದೆ. ಇಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು!

ಇದಕ್ಕೆ ಎರಡು ಪರಿಹಾರಗಳಿವೆ. ಅಮೆರಿಕದ ಕರ್ಟ್ ಸಂಸ್ಥೆ ಪ್ರಸಿದ್ಧಿಗೆ ತಂದ ಮಾದರಿಯ ವೈಸಿನಲ್ಲಿ ಚರ ದವಡೆಯೊಳಗೆ ಒಂದು ಓರೆ ಮುಖವಿದ್ದು, ಅದರ ಮೇಲೆ ಅರ್ಧಗೋಲದ ತುಂಡೊಂದು ಒತ್ತುತ್ತದೆ. ಮುಂದಕ್ಕೆ ತಳ್ಳುವ ಬಲದ ಒಂದು ಪಾಲು ಕೆಳಮುಖವಾಗಿ ತಿರುಗಿ ದವಡೆಯನ್ನು ಹಾಸಿಗೆ ಒತ್ತಿಹಿಡಿಯುತ್ತದೆ. ಎರಡನೆಯದು ಟೂಲ್‌ಮೇಕರ್ ವೈಸ್. ಇದರಲ್ಲಿ ಉದ್ದನೆಯ ಸ್ಕ್ರೂ ಇಲ್ಲ. ಓರೆಯಾಗಿ ಇಳಿಯುವ ಬೋಲ್ಟೊಂದು ದವಡೆಯನ್ನು ಮುಂದಕ್ಕೂ ಕೆಳಕ್ಕೂ ಏಕಕಾಲದಲ್ಲಿ ಎಳೆಯುತ್ತದೆ. ಮೈಯೆಲ್ಲ ಸಾಣೆ ಹಿಡಿದ, ಗಿಡ್ಡನೆಯ, ಬೆಲೆಯಲ್ಲಿ ಹಗುರವಾದ ಈ ವೈಸ್ ಚಿಕ್ಕ ಯಂತ್ರಕ್ಕೆ ಬಹಳ ಒಪ್ಪುತ್ತದೆ. ತುಂಡಿನ ಅಳತೆ ಬದಲಾದಾಗ ಬೋಲ್ಟನ್ನು ಕಳಚಿ ಬೇರೆ ಕಚ್ಚಿಗೆ ಸೇರಿಸಬೇಕೆಂಬುದೊಂದೇ ಕಿರಿಕಿರಿ.

ಇನ್ನು ಗಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಮ್ಮಲ್ಲಿ ಹಲವರ ಬಳಿಯಿರುವ ಯಂತ್ರದ ಮೇಜು ಸುಮಾರು 390 ಮಿ.ಮೀ. ಉದ್ದ, 92 ಮಿ.ಮೀ. ಅಗಲ. ಇದಕ್ಕೆ 75 ಅಥವಾ 80 ಮಿ.ಮೀ. ದವಡೆಯ ವೈಸ್ ಸಾಕು, 100 ಮಿ.ಮೀ. ಎಂಬುದು ಕೊನೆಯ ಮಿತಿ. ಕಾರ್ಖಾನೆಗಳಲ್ಲಿ ಬಳಸುವ ಆರು ಅಂಗುಲದ ವೈಸ್ 30 ಕಿಲೋಗ್ರಾಮನ್ನು ಮೀರುತ್ತದೆ. ಅದನ್ನು ಚಿಕ್ಕ ಮೇಜಿನ ಮೇಲೇರಿಸಿದರೆ ಹಿಂಬದಿಯಲ್ಲಿ ಕಂಬಕ್ಕೆ ತಾಗುತ್ತದೆ, ಮುಂಬದಿಯಲ್ಲಿ ಮೇಜಿನಾಚೆಗೆ ಜೋಲುತ್ತದೆ.

ಎತ್ತರದ ಲೆಕ್ಕವನ್ನೂ ಮಾಡಬೇಕು. ಮೇಜಿನಿಂದ ಸ್ಪಿಂಡಲಿನ ಮೂತಿಗೆ 250 ಮಿ.ಮೀ. ಅಂತರವಿದೆ ಎನ್ನೋಣ. ವೈಸಿನ ಹಾಸು 50, ಕೆಳಗಿನ ತಿರುಗು ಪೀಠ 30, ತುಂಡು 40, ಚಕ್ಕು ಮತ್ತು ಡ್ರಿಲ್ಲು ಸೇರಿ 150, ಒಟ್ಟು 270. ಕೆಲಸ ಆರಂಭಿಸುವ ಮೊದಲೇ 20 ಮಿ.ಮೀ. ಸಾಲ! ತಿರುಗು ಪೀಠವನ್ನು ತೆಗೆದರೆ ಲೆಕ್ಕ ಸರಿಹೋಗುತ್ತದೆ, ಬಿಗಿಯೂ ಹೆಚ್ಚುತ್ತದೆ. ಕೋನದ ಕೆಲಸ ಬಂದಾಗಷ್ಟೇ ಅದನ್ನು ಬಳಸುವುದು ಜಾಣತನ.

ಹಳೆಯ ವೈಸ್ ಕೊಳ್ಳುವುದಾದರೆ ರೋಗಿಯನ್ನು ಪರೀಕ್ಷಿಸುವ ಕ್ರಮದಲ್ಲೇ ಪರೀಕ್ಷಿಸಿರಿ. ಹಾಸಿನ ಮೇಲೆ ಸಿಡುಬಿನ ಕಲೆಗಳಂತೆ ಡ್ರಿಲ್ಲಿನ ಗುಳಿಗಳಿವೆಯೇ? ಸ್ಥಿರ ದವಡೆಯ ಬುಡದಲ್ಲಿ ಬಿರುಕಿದೆಯೇ? ದವಡೆಯ ಪಟ್ಟಿಗಳು ಸವೆದಿದ್ದರೆ ಚಿಂತೆಯಿಲ್ಲ, ಅವನ್ನು ಬದಲಾಯಿಸಬಹುದು. ಮೂಲ ಎರಕ ಬಿರಿದಿದ್ದರೆ ಅದಕ್ಕೆ ಔಷಧಿಯಿಲ್ಲ. ಬಳಿಕ ಡಯಲ್ ಇಂಡಿಕೇಟರನ್ನು ಬಳಸಿ ಹಾಸು ಮೇಜಿಗೆ ಸಮಾಂತರವಾಗಿದೆಯೇ, ಸ್ಥಿರ ದವಡೆ ಹಾಸಿಗೆ ಲಂಬವಾಗಿದೆಯೇ ನೋಡಿರಿ. ಕೊನೆಗೆ ಚಚ್ಚೌಕವಾದ ತುಂಡೊಂದನ್ನು ಇಟ್ಟು, ಅದರ ತಲೆಯ ಮೇಲೆ ಇಂಡಿಕೇಟರಿನ ತುದಿಯಿರಿಸಿ ಬಿಗಿಯಿರಿ. ಮುಳ್ಳು ಎಷ್ಟು ಓಡಿತೋ ಅಷ್ಟು ದವಡೆಯ ದೋಷ. 0.02 ಮಿ.ಮೀ.ಗಿಂತ ಕಡಿಮೆಯಿದ್ದರೆ ನಮ್ಮಂಥ ಹವ್ಯಾಸಿಗಳಿಗೆ ಧಾರಾಳವಾಗಿ ಸಾಕು.

ಕೊಂಡು ತಂದ ವೈಸನ್ನು ಮೇಜಿನ ಮೇಲೆ ನೇರವಾಗಿ ಕೂರಿಸುವುದು ಮುಂದಿನ ಸಂಸ್ಕಾರ. ಮೇಜನ್ನೂ ವೈಸಿನ ತಳವನ್ನೂ ಒರೆಸಿ, ಅಂಗೈಯಿಂದ ಸವರಿ ನೋಡಬೇಕು. ಕಣ್ಣಿಗೆ ಕಾಣದ ಚೂರು ಚರ್ಮಕ್ಕೆ ತಿಳಿಯುತ್ತದೆ. ಒಂದು ಬೋಲ್ಟನ್ನು ಅರೆಬಿಗಿ ಮಾಡಿ ಇನ್ನೊಂದನ್ನು ಸಡಿಲವಾಗಿ ಬಿಡಬೇಕು. ಸ್ಪಿಂಡಲಿಗೆ ಕಟ್ಟಿದ ಇಂಡಿಕೇಟರಿನ ತುದಿಯನ್ನು ಸ್ಥಿರ ದವಡೆಗೆ ತಾಗಿಸಿ, ಮೇಜನ್ನು ಉದ್ದಕ್ಕೂ ಸರಿಸುತ್ತ, ಮೆತ್ತನೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಮುಳ್ಳು ಉದ್ದಕ್ಕೂ ನಿಶ್ಚಲವಾದಾಗ ಎರಡನ್ನೂ ಬಿಗಿಯಬೇಕು. ಬಿಗಿಯುವಾಗ ವೈಸ್ ಮತ್ತೆ ಸರಿಯುವುದುಂಟು. ಆದ್ದರಿಂದ ಇನ್ನೊಮ್ಮೆ ನೋಡದೆ ಬಿಡಬಾರದು.

ತುಂಡನ್ನು ಕೂರಿಸುವುದರಲ್ಲಿ 3-2-1 ಎಂಬ ಸೂತ್ರವಿದೆ. ಹಾಸು ಮೂರು ಬಿಂದುಗಳಲ್ಲಿ, ಸ್ಥಿರ ದವಡೆ ಎರಡು ಬಿಂದುಗಳಲ್ಲಿ, ಪಕ್ಕದ ತಡೆಗೂಟ ಒಂದು ಬಿಂದುವಿನಲ್ಲಿ ತುಂಡಿನ ಸ್ಥಾನವನ್ನು ನಿರ್ಣಯಿಸುತ್ತವೆ. ಚರ ದವಡೆಗೆ ಒತ್ತುವ ಕೆಲಸ ಮಾತ್ರ. ಒರಟು ಮುಖದ ತುಂಡಾದರೆ ಚರ ದವಡೆಗೂ ತುಂಡಿಗೂ ನಡುವೆ ದುಂಡನೆಯ ಸರಳೊಂದನ್ನು ಇಡಿ. ಆಗ ಒಳ್ಳೆಯ ಮುಖ ಸ್ಥಿರ ದವಡೆಗೆ ಪೂರ್ಣವಾಗಿ ಅಂಟುತ್ತದೆ. ದವಡೆಯ ಒಂದೇ ಅಂಚಿನಲ್ಲಿ ಹಿಡಿಯುವುದು ಅನಿವಾರ್ಯವಾದರೆ ಇನ್ನೊಂದು ಅಂಚಿನಲ್ಲಿ ಅಷ್ಟೇ ದಪ್ಪದ ತುಂಡಿಡಿ. ಇಲ್ಲವಾದರೆ ದವಡೆ ಸೊಟ್ಟಗಾಗುತ್ತದೆ, ಹಿಡಿತ ಹುಸಿಯಾಗುತ್ತದೆ.

ಆರೈಕೆ ಸರಳ, ಬೇಕಾದದ್ದು ನಿಯಮಪಾಲನೆ. ಲೋಹದ ಚೂರುಗಳನ್ನು ಕುಂಚದಿಂದ ತೆಗೆಯಿರಿ. ಒತ್ತಡದ ಗಾಳಿ ಅವನ್ನು ಹೊರಹಾಕುವುದಕ್ಕಿಂತ ಹೆಚ್ಚಾಗಿ ಸ್ಕ್ರೂವಿನ ಸಂದುಗಳಿಗೆ ತುರುಕುತ್ತದೆ, ಕಣ್ಣಿಗೂ ಹಾರಿಸುತ್ತದೆ. ಹಿಡಿಕೆಗೆ ಕೊಳವೆ ಸಿಕ್ಕಿಸಿ ಬಿಗಿಯಬೇಡಿ, ಸುತ್ತಿಗೆಯಿಂದ ಹೊಡೆಯಬೇಡಿ. ವರ್ಷಕ್ಕೆರಡು ಬಾರಿ ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಜಾಡಿಗೆ ಎಣ್ಣೆಯನ್ನೂ ಸ್ಕ್ರೂ ಮತ್ತು ಬೇರಿಂಗಿಗೆ ಗ್ರೀಸನ್ನೂ ಸವರಿರಿ. ಪೆಟ್ಟು ಬಿದ್ದು ಎದ್ದ ಮುಳ್ಳುಗಳನ್ನು ಸಾಣೆಕಲ್ಲಿನಿಂದ ಮೃದುವಾಗಿ ಉಜ್ಜಿ ತೆಗೆಯಿರಿ. ಹೊಸ ವೈಸಿಗೂ ಈ ಅಭ್ಯಂಜನ ಅಗತ್ಯ. ಕಾರ್ಖಾನೆಯ ಗ್ರೀಸಿನೊಳಗೆ ಸಾಣೆಯ ಪುಡಿ ಅಡಗಿರುವುದುಂಟು. ಈ ನಾಡಿನ ಚಳಿಗಾಲ ಮುಗಿಯುತ್ತಿದ್ದಂತೆ ಬೆಚ್ಚನೆಯ ತೇವದ ಗಾಳಿ ತಣ್ಣಗಿನ ಎರಕದ ಮೇಲೆ ಬೆವರಾಗಿ ಕೂರುತ್ತದೆ. ತುಕ್ಕು ಹಿಡಿಯುವ ಕಾಲ ಅದು. ತೆಳುವಾದ ಎಣ್ಣೆಯ ಲೇಪವೊಂದೇ ಆಗ ರಕ್ಷೆ.

ಬಂಧುಗಳೇ, ಇಷ್ಟೆಲ್ಲ ಹೇಳಿದ್ದು ಚೆಂದದ ಕೆಲಸಕ್ಕಾಗಿ ಮಾತ್ರವಲ್ಲ. ಸಡಿಲವಾದ ತುಂಡನ್ನು ತಿರುಗುವ ಉಳಿ ಕಿತ್ತೆಸೆದರೆ ಅದು ಹಾರುವ ದಿಕ್ಕನ್ನು ಯಾರೂ ಹೇಳಲಾರರು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ತರಬೇತಿ ಪಡೆದ ನಮ್ಮಂಥವರಿಗೆ ಬೆರಳಿನ ಬೆಲೆ ಗೊತ್ತು. ತುಂಡು ಅಲುಗುತ್ತಿದೆ ಎನಿಸಿದರೆ ಕೈಯಿಂದ ಒತ್ತಿಹಿಡಿಯುವ ಯೋಚನೆಯನ್ನೇ ಮಾಡದೆ ಯಂತ್ರವನ್ನು ನಿಲ್ಲಿಸಿರಿ. ತಿರುಗುವ ಉಳಿಯ ಬಳಿ ಕೈಗವಸು ಬೇಡ. ಅದರ ಎಳೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉಂಗುರ, ಕೈಗಡಿಯಾರ, ಕೊರಳ ಸರಗಳನ್ನು ಮನೆಯೊಳಗೆ ತೆಗೆದಿಟ್ಟು ಬನ್ನಿ.

ಸುರಕ್ಷಾ ಕನ್ನಡಕವಂತೂ ಕಡ್ಡಾಯ. ಕಣ್ಣಿಗೆ ಸಿಡಿದ ಕಬ್ಬಿಣದ ಕಣ ಕೆಲವೊಮ್ಮೆ ಹೆಚ್ಚು ನೋವು ಕೊಡದೆ ಒಳಗೇ ಉಳಿಯಬಲ್ಲದು. ಮುಂದೆಂದೋ ಎಂ.ಆರ್.ಐ. ಪರೀಕ್ಷೆಗೆ ಹೋದಾಗ ಅದರ ಪ್ರಬಲ ಕಾಂತಕ್ಷೇತ್ರ ಆ ಕಣವನ್ನು ಕದಲಿಸಿ ದೃಷ್ಟಿಗೇ ಅಪಾಯ ತರಬಹುದು. ಲೋಹದ ಕೆಲಸ ಮಾಡುತ್ತೀರಾ, ಕಣ್ಣಿಗೆ ಲೋಹ ಬಿದ್ದಿತ್ತೇ ಎಂದು ಅಲ್ಲಿ ಕೇಳುವುದು ಈ ಕಾರಣಕ್ಕಾಗಿ. ಆ ಪ್ರಶ್ನೆಗೆ ಸಂಕೋಚವಿಲ್ಲದೆ ನಿಜವನ್ನೇ ಹೇಳಿರಿ.

ನಮ್ಮ ಪೀಳಿಗೆಯ ಅನೇಕ ಮನೆಗಳಲ್ಲಿ ಓದಿದವರು ಸುತ್ತಿಗೆ ಹಿಡಿಯುವುದು ಅಪರೂಪವಾಗಿತ್ತು. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಆ ಸಂಕೋಚವಿಲ್ಲ; ಗ್ಯಾರೇಜಿಗೆ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ, ಪ್ರಶ್ನೆ ಕೇಳುತ್ತಾರೆ. ಅವರ ಕೈಗೆ ಮೊದಲು ವೇಗವನ್ನು ಕೊಡಬೇಡಿ, ಹಿಡಿತವನ್ನು ಕಲಿಸಿರಿ. ಸ್ವಿಚ್ಚು ಒತ್ತುವ ಮುನ್ನ ತುಂಡನ್ನು ಕೈಯಿಂದ ಅಲುಗಿಸಿ ನೋಡುವ ಅಭ್ಯಾಸ ಅವರಿಗೆ ಬಂದರೆ, ಹತ್ತು ಬೆರಳುಗಳೂ ಎರಡು ಕಣ್ಣುಗಳೂ ನೆಟ್ಟಗಿರುವ ಒಬ್ಬ ಕುಶಲಿಗನನ್ನೋ ಕುಶಲಿಗಳನ್ನೋ ನಾವು ಬೆಳೆಸಿದಂತಾಯಿತು.