ಹೃದ್ರೋಗದ ಭೀತಿಯೂ ಶುಶ್ರೂಷಕಿಯರ ಸೇವೆಯೂ



ಮನುಷ್ಯನಿಗೆ ಕಣ್ಣಿಗೆ ಬೀಳುವ ಅಪಾಯದ ಅಂಜಿಕೆಯು ಬಹಳ. ಕಣ್ಣಿಗೆ ಬೀಳದ ಅಪಾಯದ ಅಂಜಿಕೆಯು ಅತ್ಯಲ್ಪ. ದಾರಿಯಲ್ಲಿ ಹಾವನ್ನು ಕಂಡು ಹತ್ತು ಹೆಜ್ಜೆ ಹಿಂದಕ್ಕೆ ಸರಿಯುವವನು, ತನ್ನ ಹೃದಯದ ರಕ್ತನಾಳಗಳಲ್ಲಿ ಇಪ್ಪತ್ತು ವರುಷಗಳಿಂದ ಕೊಬ್ಬು ಕಟ್ಟುತ್ತಲಿರುವುದನ್ನು ಅರಿಯದೆ ನಿಶ್ಚಿಂತನಾಗಿ ನಿದ್ರಿಸುವನು. ಹೃದ್ರೋಗದ ವಿಷಯದಲ್ಲಿ ಜನರ ತಿಳಿವಳಿಕೆಯು ಹೇಗಿರುವುದು, ಅದನ್ನು ತಿದ್ದುವುದರಲ್ಲಿ ಶುಶ್ರೂಷಕಿಯರ ಪಾತ್ರವೇನು ಎಂಬುದೇ ಇಂದಿನ ವಿಚಾರವು.

2025ನೆಯ ಇಸವಿಯ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಒಬ್ಬರ ಮೇಲೊಬ್ಬರು ಹೃದಯಾಘಾತದಿಂದ ಮೃತರಾದ ವಾರ್ತೆಯು ನಾಡೆಲ್ಲ ಹಬ್ಬಿತು. ಅವರಲ್ಲಿ ತರುಣರೂ ಇದ್ದುದರಿಂದ ಜನರು ತಲ್ಲಣಿಸಿ, ಮೈಸೂರು ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸರಕಾರವು ನೇಮಿಸಿದ ತಜ್ಞರ ಸಮಿತಿಯು ವಿಚಾರಿಸಿ ನೋಡಲಾಗಿ, ಆ ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಾಧಾರಣವಾಗಿ ಹೆಚ್ಚಿದುದು ಕಂಡುಬರಲಿಲ್ಲ. ಮೃತರಲ್ಲಿ ಅನೇಕರಿಗೆ ಮಧುಮೇಹ, ರಕ್ತದೊತ್ತಡ, ತಂಬಾಕು, ಮದ್ಯ ಮೊದಲಾದ ಹಳೆಯ ಕಾರಣಗಳೇ ಇದ್ದುವು. ಬಹುಕಾಲದಿಂದ ಮನೆಯೊಳಗೇ ಇದ್ದ ಅಪಾಯವು ಆ ತಿಂಗಳುಗಳಲ್ಲಿ ಕಣ್ಣಿಗೆ ಬಿದ್ದಿತು, ಅಷ್ಟೆ. ನೆರೆಯವನ ಮರಣದಿಂದ ಹುಟ್ಟಿದ ಭೀತಿಯು ಜನರನ್ನು ಒಂದು ದಿವಸ ಆಸ್ಪತ್ರೆಯ ಬಾಗಿಲಿಗೆ ಓಡಿಸಬಲ್ಲದು. ವರುಷವಿಡೀ ಉಪ್ಪನ್ನು ಕಡಿಮೆ ಮಾಡಿಸಲಾರದು. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವುದೆಂದರೆ ಇದೇ.

ಇನ್ನು ಜನರಲ್ಲಿ ಬೇರೂರಿರುವ ತಪ್ಪು ಭಾವನೆಗಳು ಹಲವು. ತೆಳ್ಳಗಿರುವವನಿಗೆ ಈ ರೋಗವು ಬಾರದೆಂಬುದೊಂದು. ಹೊಲದಲ್ಲಿ ದುಡಿಯುವವನಿಗೆ ಬಾರದೆಂಬುದು ಎರಡನೆಯದು. ಇದು ಗಂಡಸರ ರೋಗವೆಂಬುದು ಮೂರನೆಯದು. ಎಲ್ಲವೂ ಹಣೆಬರಹವೆಂಬುದು ನಾಲ್ಕನೆಯದು. ಎದೆಯಲ್ಲಿ ಬಿಗಿತವಾದರೆ ವಾಯುವೆಂದು ಓಮದ ನೀರು ಕುಡಿದು ಮಲಗುವವರುಂಟು. ಹೆಂಗಸರಲ್ಲಿ ಬರಿಯ ಆಯಾಸ, ಉಬ್ಬಸಗಳ ರೂಪದಲ್ಲಿಯೂ ಈ ರೋಗವು ತೋರಬಹುದಾದುದರಿಂದ ಮನೆಯವರು ಅದನ್ನು ಗಮನಿಸದೆಯೇ ಹೋಗುವರು.

ಹಣೆಬರಹವೆಂಬ ಮಾತಿಗೆ ಲೆಕ್ಕವು ಬೇರೆ ಉತ್ತರವನ್ನು ಕೊಡುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಸಂಶೋಧನೆಯಲ್ಲಿ, ಮೊದಲ ಹೃದಯಾಘಾತದ ಅಪಾಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಂಬತ್ತು ಸಂಗತಿಗಳಿಗೆ ಸಂಬಂಧಿಸಿದುದೆಂದು ಕಂಡುಬಂದಿತು. ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಗಳ ಅಭಾವ, ದೇಹಶ್ರಮ, ಮದ್ಯ ಇವೇ ಆ ಒಂಬತ್ತು. ದಕ್ಷಿಣ ಏಷ್ಯದವರಿಗೆ ಮೊದಲ ಆಘಾತವು ಸುಮಾರು 53ನೆಯ ವಯಸ್ಸಿನಲ್ಲಿ, ಉಳಿದ ದೇಶದವರಿಗೆ ಸುಮಾರು 59ನೆಯ ವಯಸ್ಸಿನಲ್ಲಿ ಆಗುವುದೆಂದು ಅದೇ ಸಂಶೋಧನೆಯಿಂದ ತಿಳಿದುಬಂದಿತು. ಮಕ್ಕಳ ವಿದ್ಯಾಭ್ಯಾಸ ಮುಗಿಯದ, ಮನೆಯ ಸಾಲವು ತೀರದ ವಯಸ್ಸು ಅದು ಎಂಬುದನ್ನು ಗೃಹಸ್ಥರು ಯೋಚಿಸತಕ್ಕದ್ದು.

ಭೀತಿಯನ್ನು ಸದಾಚಾರವನ್ನಾಗಿ ಮಾರ್ಪಡಿಸಿದ ಒಂದು ನಾಡಿನ ವೃತ್ತಾಂತವು ಇಲ್ಲಿ ಸ್ಮರಣೀಯವು. ಫಿನ್‌ಲೆಂಡ್ ದೇಶದ ಪೂರ್ವದಿಕ್ಕಿನಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತವಿದೆ. ಕಾಡಿನಲ್ಲಿ ಮರ ಕಡಿದು, ಹೊಲದಲ್ಲಿ ಬೆವರು ಸುರಿಸಿ ದುಡಿಯುವ ಗಟ್ಟಿಮುಟ್ಟಾದ ಗಂಡಸರು ಅಲ್ಲಿ ನಡುವಯಸ್ಸಿನಲ್ಲಿಯೇ ಹೃದ್ರೋಗದಿಂದ ಸಾಯುತ್ತಲಿದ್ದರು. 1971ರಲ್ಲಿ ಆ ಪ್ರಾಂತದ ಪ್ರತಿನಿಧಿಗಳು ಸಹಾಯ ಬೇಡಿ ಸರಕಾರಕ್ಕೆ ಮನವಿಯನ್ನು ಸಲ್ಲಿಸಿದರು. 1972ರಲ್ಲಿ ಪೆಕ್ಕ ಪುಸ್ಕ ಎಂಬ ತರುಣ ವೈದ್ಯರ ನೇತೃತ್ವದಲ್ಲಿ ಕಾರ್ಯವು ಆರಂಭವಾಯಿತು. ಬೆಣ್ಣೆ, ಉಪ್ಪು, ಹೊಗೆಸೊಪ್ಪು ಇವುಗಳನ್ನು ಕಡಿಮೆ ಮಾಡಿಸುವುದೂ ರಕ್ತದೊತ್ತಡವನ್ನು ಹತೋಟಿಗೆ ತರುವುದೂ ಅದರ ಉದ್ದೇಶವು. ಆರೋಗ್ಯಕೇಂದ್ರಗಳ ಶುಶ್ರೂಷಕಿಯರು ಜನರ ರಕ್ತದೊತ್ತಡವನ್ನು ಅಳೆದು, ಹೆಚ್ಚಾಗಿದ್ದವರ ಹೆಸರುಗಳನ್ನು ಪಟ್ಟಿಯಲ್ಲಿ ಬರೆದಿಟ್ಟು, ಅವರನ್ನು ಮರಳಿ ಮರಳಿ ಕರೆಯಿಸಿ ಬುದ್ಧಿಹೇಳಿದರು. ಮಾರ್ಥಾ ಎಂಬ ಗೃಹಿಣಿಯರ ಸಂಘದವರು ಹಳ್ಳಿಹಳ್ಳಿಗಳಲ್ಲಿ ಹೊಸ ಅಡಿಗೆಯನ್ನು ಮಾಡಿ ತೋರಿಸಿ ಉಣಬಡಿಸಿದರು. ವೈದ್ಯರು, ಪತ್ರಿಕೆಗಳವರು, ಶಾಲೆಗಳವರು ಎಲ್ಲರೂ ಕೈಗೂಡಿಸಿದರು. ಚಿಕಿತ್ಸೆಯೂ ಕಾಲಕ್ರಮದಲ್ಲಿ ಸುಧಾರಿಸಿತು. ನಾಲ್ಕು ದಶಕಗಳೊಳಗಾಗಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಈ ರೋಗದ ಮರಣಗಳು ನೂರಕ್ಕೆ 80ಕ್ಕಿಂತಲೂ ಹೆಚ್ಚು ಇಳಿದುವು. ಹಣೆಬರಹವೆಂದು ಕೈಕಟ್ಟಿ ಕುಳಿತಿದ್ದರೆ ಇದು ಆಗುತ್ತಿತ್ತೇ?

ಈ ಕಾರ್ಯಕ್ಕೆ ಶುಶ್ರೂಷಕಿಯೇ ಏಕೆ ಬೇಕೆಂದು ಯಾರಾದರೂ ಕೇಳಬಹುದು. ವೈದ್ಯನ ಮುಂದೆ ರೋಗಿಯು ಕುಳಿತುಕೊಳ್ಳುವುದು ಕೆಲವು ನಿಮಿಷ ಮಾತ್ರ. ಆಗ ಅವನು ಭಯದಿಂದಲೋ ಸಂಕೋಚದಿಂದಲೋ ಬೀಡಿಯನ್ನು ಬಿಟ್ಟೆನೆಂದು ಹೇಳಿಬಿಡುವನು. ಮನೆಗೆ ಬರುವ ಶುಶ್ರೂಷಕಿಯಾದರೋ ಒಲೆಯ ಮೇಲಿನ ಉಪ್ಪಿನ ಮರಿಗೆಯನ್ನೂ, ಊಟದ ಪಕ್ಕದ ಉಪ್ಪಿನಕಾಯಿ ಹಪ್ಪಳಗಳನ್ನೂ, ಗೂಡಿನಲ್ಲಿ ಅಡಗಿಸಿಟ್ಟ ಬೀಡಿಯ ಕಟ್ಟನ್ನೂ ಕಾಣುವಳು. ಅತ್ತೆಯೊಡನೆಯೂ ಸೊಸೆಯೊಡನೆಯೂ ಮಾತನಾಡುವಳು. ಯುರೋಪಿನ ಎಂಟು ದೇಶಗಳಲ್ಲಿ ಶುಶ್ರೂಷಕಿಯರ ಮುಂದಾಳುತನದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಯೂರೋಆ್ಯಕ್ಷನ್ ಎಂಬ ಪರೀಕ್ಷೆಯಲ್ಲಿ, ರೋಗಿಯೊಡನೆ ಕುಟುಂಬವನ್ನೂ ಸೇರಿಸಿಕೊಂಡು ಬೋಧಿಸಿದಲ್ಲಿ ಆಹಾರ, ದೇಹಶ್ರಮ, ರಕ್ತದೊತ್ತಡಗಳು ವಾಡಿಕೆಯ ಚಿಕಿತ್ಸೆಗಿಂತ ಉತ್ತಮಗೊಂಡುವು. ಒಬ್ಬನು ಮಾತ್ರ ಸಪ್ಪೆಯೂಟ ಉಣ್ಣುವ ಮನೆಯಲ್ಲಿ ಪಥ್ಯವು ಎಂಟು ದಿನ ನಿಲ್ಲದೆಂಬುದು ತಾಯಂದಿರಿಗೆಲ್ಲ ಗೊತ್ತಿದ್ದ ಮಾತೇ.

ಈ ನಾಡಿನಲ್ಲಿಯೂ 30 ವರುಷ ಮೀರಿದವರ ರಕ್ತದೊತ್ತಡ, ಮಧುಮೇಹಗಳನ್ನು ಉಪಕೇಂದ್ರಗಳಲ್ಲಿಯೇ ಪರೀಕ್ಷಿಸುವ ಏರ್ಪಾಡು ಉಂಟು. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯೆಂಬ ಹೆಸರಿನಿಂದ ಕೆಲಸಮಾಡುವವರಲ್ಲಿ ಬಹುಮಂದಿ ಶುಶ್ರೂಷಾವಿದ್ಯೆಯನ್ನು ಕಲಿತವರು. ಅವರು ಬಾಗಿಲಿಗೆ ಬಂದಾಗ, ತಮಗೇನೂ ನೋವಿಲ್ಲವೆಂದು ಹಿಂದಕ್ಕೆ ಕಳುಹಿಸಬಾರದು. ಏರಿದ ರಕ್ತದೊತ್ತಡಕ್ಕೆ ನೋವೆಂಬುದೇ ಇರುವುದಿಲ್ಲ. ಅಳೆದಲ್ಲದೆ ಅದು ತಿಳಿಯದು. ಅಂಕೆಯು 140ರ ಮೇಲೆ 90ನ್ನು ಮುಟ್ಟಿತೆಂದು ಹೇಳಿದರೆ ಮರಳಿ ಅಳೆಯಿಸಿಕೊಂಡು ವೈದ್ಯನನ್ನು ಕಾಣತಕ್ಕದ್ದು. ಮಾತ್ರೆಯನ್ನು ಕೊಟ್ಟರೆ, ಹಗುರವೆನಿಸಿತೆಂದು ತಾವಾಗಿ ನಿಲ್ಲಿಸಬಾರದು. ದಿನದ ಉಪ್ಪು ಎಲ್ಲವೂ ಸೇರಿ 5 ಗ್ರಾಮಿನೊಳಗೆ, ಅಂದರೆ ಒಂದು ಸಣ್ಣ ಚಮಚೆಯೊಳಗೆ ಇರತಕ್ಕದ್ದು. ಎದೆ ಹಿಂಡಿ, ಬೆವರೊಡೆದು, ನೋವು ತೋಳಿಗೋ ದವಡೆಗೋ ಹರಿದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೆ 108ಕ್ಕೆ ಕರೆಮಾಡಿ ಆಸ್ಪತ್ರೆಯನ್ನು ಸೇರತಕ್ಕದ್ದು.

ಕೊನೆಯದಾಗಿ ಒಂದು ಮಾತು. ಶಸ್ತ್ರಚಿಕಿತ್ಸೆಯಿಂದ ಬದುಕಿಸಿದ ವೈದ್ಯನನ್ನು ಊರೆಲ್ಲ ಕೊಂಡಾಡುವುದು; ಅದು ಯೋಗ್ಯವೇ ಸರಿ. ಆದರೆ ಶುಶ್ರೂಷಕಿಯ ಮಾತಿನಿಂದ ಬಾರದೆ ಹೋದ ಹೃದಯಾಘಾತಕ್ಕೆ ಸಾಕ್ಷಿಯಾರು? ಅರುವತ್ತರ ವಯಸ್ಸಿನಲ್ಲಿ ಮೊಮ್ಮಗನ ಕೈಹಿಡಿದು ಜಾತ್ರೆಗೆ ನಡೆದು ಬರುವ ಮುದುಕನಿಗೂ, ತಾನು ಯಾರ ಋಣದಿಂದ ಬಂದೆನೆಂಬುದು ತಿಳಿದಿರಲಾರದು. ಹೀಗೆ ಹೆಸರಿಲ್ಲದ ಫಲಕ್ಕಾಗಿ ಬಿಸಿಲಿನಲ್ಲಿ ಮನೆಮನೆ ತಿರುಗುವವಳಿಗೆ, ಬಂದ ಹೊತ್ತಿನಲ್ಲಿ ಕುಡಿಯಲು ನೀರು ಕೊಟ್ಟು, ತೋಳು ಚಾಚಿ, ಹೇಳಿದ ಮಾತನ್ನು ನಡೆಯಿಸಿದರೆ ಅದೇ ಅವಳಿಗೆ ಸಲ್ಲುವ ಮರ್ಯಾದೆಯು. ಸರ್ವರಿಗೂ ಆಯುರಾರೋಗ್ಯಗಳು ಲಭಿಸಲಿ.