ವಿದ್ಯುತ್ ಇಂಜನಿಯರಿಂಗಿನಲ್ಲಿ ಶಾಖೆಯ ಆಯ್ಕೆ

(ಮಹೋತ್ಸವದ ವಿದ್ಯಾರ್ಥಿ ಸಮ್ಮೇಲನದಲ್ಲಿ ಮಾಡಿದ ಭಾಷಣ)

 

ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ, ತಂತಿ ಕಂಬಗಳ ನಡುವೆ ಆಯುಷ್ಯ ಕಳೆದ ನಾನು ಪಂಡಿತರ ಮುಂದೆ ಏನನ್ನು ಅರಿಕೆ ಮಾಡಲೆಂದು ಸಂಕೋಚಪಟ್ಟೆನು. ಆದರೆ ನಿನ್ನೆ ರಾತ್ರಿ ಪ್ರಸಾದದ ಪಂಕ್ತಿಯಲ್ಲಿ ಒಬ್ಬ ತರುಣನೂ ಅವನ ತಂದೆಯೂ ನನ್ನ ಪಕ್ಕದಲ್ಲಿ ಕುಳಿತಿದ್ದರು. ಹುಡುಗನು ಎಲೆಕ್ಟ್ರಿಕಲ್ ಪದವಿಗೆ ಸೇರಿ ಎರಡು ವರ್ಷವಾಗಿದೆ. ಇನ್ನು ವಿಶೇಷ ವಿಷಯಗಳನ್ನು ಆರಿಸಿಕೊಳ್ಳಬೇಕು. "ಮೂರೆಕರೆಯಲ್ಲಿ ಒಂದೆಕರೆಯನ್ನು ಒತ್ತೆಯಿಟ್ಟು ಓದಿಸುತ್ತಿದ್ದೇವೆ, ಸಾಹೇಬರೇ, ಇವನು ದಾರಿ ತಪ್ಪಿದರೆ ನಾವು ಮತ್ತೆ ಏಳಲಾರೆವು" ಎಂದರು ತಂದೆ. ಆ ಮಾತಿಗೆ ಉತ್ತರ ಹೇಳುವುದೇ ಈ ಹೊತ್ತಿನ ನನ್ನ ಕರ್ತವ್ಯವೆಂದು ಭಾವಿಸಿರುವೆನು.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುವೆನು. ನಾನು ಇದೇ ಕೂಡ್ಲಿಗಿ ಸೀಮೆಯ ಹಳ್ಳಿಯವನು. ನೆರೆಹೊರೆಯವರೆಲ್ಲರೂ ಎಲೆಕ್ಟ್ರಾನಿಕ್ಸ್ ವಿಷಯಗಳಿಗೇ ಬೆಲೆಯೆಂದು ಹೇಳುತ್ತಿದ್ದರಾದ್ದರಿಂದ ನಾನೂ ಅವನ್ನೇ ಹಿಡಿದೆನು. ಪದವಿ ಪಡೆದು ಮನೆಗೆ ಬಂದ ಬೇಸಿಗೆಯಲ್ಲಿ ನಮ್ಮ ಪಂಪ್‌ಸೆಟ್ಟಿನ ಮೋಟಾರು ಮೂರು ಸಲ ಸುಟ್ಟಿತು. ಅದನ್ನು ಮೂರನೆಯ ಸಲ ಸುತ್ತಿಸಿಕೊಂಡು ಬಂದ ತಂದೆಯವರು, "ಇದು ಯಾಕೆ ಸುಡುತ್ತದಪ್ಪಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆನು. ಎಲೆಕ್ಟ್ರಾನಿಕ್ಸ್ ಹೀನವಾದ ವಿದ್ಯೆಯಲ್ಲ. ನನ್ನದೆಂಬ ಒಂದು ಪ್ರಶ್ನೆಯೂ ಇಲ್ಲದೆ ಅದನ್ನು ಆರಿಸಿಕೊಂಡದ್ದೇ ನನ್ನ ದೋಷವು.

ಆ ಮೋಟಾರು ಏಕೆ ಸುಟ್ಟಿತೆಂಬುದನ್ನು ಈಗ ಹೇಳಬಲ್ಲೆನು. ಲೈನಿನ ಕಟ್ಟಕಡೆಯ ಹೊಲಕ್ಕೆ 415 ವೋಲ್ಟ್ ತಲುಪಬೇಕಾದಲ್ಲಿ 332 ವೋಲ್ಟ್ ಮಾತ್ರ ತಲುಪಿತೆನ್ನಿ. ಐದರಲ್ಲಿ ಒಂದು ಪಾಲು ಕಡಿಮೆಯಾಯಿತು, ಅಷ್ಟೇ ಎಂದು ತೋರುವುದು. ಆದರೆ ಇಂಡಕ್ಷನ್ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ಅದು ನೂರಕ್ಕೆ 64ಕ್ಕೆ ಇಳಿಯುವುದು. ನೀರಿನ ಭಾರವಾದರೋ ಇಳಿಯದು. ಆ ಭಾರವನ್ನು ಹೊರಲು ಮೋಟಾರು ಹೆಚ್ಚು ಕರೆಂಟನ್ನು ಎಳೆಯುವುದು. ಸುರುಳಿಯ ಕಾವು ಕರೆಂಟಿನ ವರ್ಗದಂತೆ ಏರುವುದು. ಕೊನೆಗೆ ತಂತಿಯ ಮೇಲಿನ ಹೊದಿಕೆ ಕರಗುವುದು.

ವಿದ್ಯಾರ್ಥಿಗಳೇ, ಈ ಒಂದು ಸುಟ್ಟ ಮೋಟಾರಿನ ಸುತ್ತ ನಿಮ್ಮ ಶಾಖೆಗಳೆಲ್ಲವೂ ನಿಂತಿರುವುದನ್ನು ಗಮನಿಸಿರಿ. ವೋಲ್ಟೇಜು ದಾರಿಯಲ್ಲಿ ಏಕೆ ಸೋರಿತು, ಟ್ರಾನ್ಸ್‌ಫಾರ್ಮರನ್ನು ಎಲ್ಲಿಡಬೇಕು, ಕೆಪ್ಯಾಸಿಟರಿನಿಂದ ಎಷ್ಟು ಸುಧಾರಿಸಬಹುದು ಎಂದು ಕೇಳುವವನು ಪವರ್ ಸಿಸ್ಟಮ್ಸ್ ಶಾಖೆಯವನು. ಇನ್ನೂ ಕಡಿಮೆ ವೋಲ್ಟೇಜನ್ನು ತಾಳುವ ಮೋಟಾರನ್ನು ನಿರ್ಮಿಸಲಾಗದೇ ಎಂಬವನು ಯಂತ್ರಗಳ ಶಾಖೆಗೆ ಸೇರಿದವನು. ಹೊದಿಕೆ ಎಷ್ಟು ಕಾವಿಗೆ ಕೆಡುವುದೆಂದು ಶೋಧಿಸುವವನಿಗೆ ಹೈ ವೋಲ್ಟೇಜ್ ಮತ್ತು ಇನ್ಸುಲೇಷನ್ ಶಾಖೆ ಇದೆ. ಸೂರ್ಯನ ಬೆಳಕಿನಿಂದ ಬಂದ ಶಕ್ತಿಯನ್ನು ಇನ್ವರ್ಟರಿನ ಮೂಲಕ ಪಂಪಿಗೆ ಹೊಂದಿಸುವುದು ಪವರ್ ಎಲೆಕ್ಟ್ರಾನಿಕ್ಸ್. ಅಪಾಯವನ್ನು ಮೊದಲೇ ತಿಳಿದು ತಾನಾಗಿ ನಿಲ್ಲಿಸುವ ರಿಲೇಯನ್ನು ರಚಿಸುವುದು ಕಂಟ್ರೋಲ್ ಮತ್ತು ರಕ್ಷಣಾ ಶಾಖೆಗಳ ಕಾರ್ಯ. ಇವುಗಳಲ್ಲಿ ಯಾವ ಪ್ರಶ್ನೆಯು ನಿಮ್ಮ ನಿದ್ರೆಯನ್ನು ಕೆಡಿಸುವುದೋ ಅದೇ ನಿಮ್ಮ ಶಾಖೆ.

ಶಾಖೆಗಳು ಬೇರೆ ಬೇರೆಯಾದರೂ ಬುಡವೊಂದೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ, ಜಲಚಕ್ರ, ಜನರೇಟರು, ಟ್ರಾನ್ಸ್‌ಫಾರ್ಮರು, ದೀರ್ಘವಾದ ಲೈನು, ಗಣಿಯ ಮೋಟಾರು ಎಲ್ಲವೂ ಒಂದೇ ಸರಪಳಿಯ ಕೊಂಡಿಗಳಾಗಿದ್ದವು. ಇಂದು ನಮ್ಮ ನೆರೆಯಲ್ಲಿಯೇ ತುಂಗಭದ್ರೆಯ ಜಲವಿದ್ಯುತ್ತೂ, ಕುಡತಿನಿಯ 1700 ಮೆಗಾವಾಟಿನ ಉಷ್ಣ ಸ್ಥಾವರವೂ, ಹರಪನಹಳ್ಳಿ, ಹಡಗಲಿ ಕಡೆಯ ಗಾಳಿಯಂತ್ರಗಳೂ ಇರುವುವು. ನೀರನ್ನು ಕಟ್ಟಿಡಬಹುದು, ಕಲ್ಲಿದ್ದಲನ್ನು ಕೂಡಿಡಬಹುದು; ಗಾಳಿಯು ಯಾರ ಅಪ್ಪಣೆಯನ್ನೂ ಕೇಳದು. ಈ ಮೂರನ್ನೂ ಒಂದೇ ಜಾಲದಲ್ಲಿ ಸಮತೂಗಿಸುವ ಕೆಲಸಕ್ಕೆ ಎಲ್ಲ ಶಾಖೆಯವರೂ ಬೇಕು.

ಆದುದರಿಂದ ನನ್ನ ಸಲಹೆಗಳು ಮೂರು. ಒಂದನೆಯದು: ಸರ್ಕ್ಯೂಟು, ಯಂತ್ರ, ಗಣಿತ, ವಿದ್ಯುತ್ಕ್ಷೇತ್ರ ಇವುಗಳ ಬುಡವನ್ನು ಭದ್ರಪಡಿಸಿಕೊಳ್ಳಿರಿ, ಬುಡ ಗಟ್ಟಿಯಿದ್ದವನು ಮುಂದೆ ಸ್ನಾತಕೋತ್ತರ ವ್ಯಾಸಂಗದಲ್ಲಾಗಲಿ, ಉದ್ಯೋಗದಲ್ಲಾಗಲಿ ಶಾಖೆಯನ್ನು ಬದಲಿಸಬಲ್ಲನು. ಎರಡನೆಯದು: ಯಾವ ಲೆಕ್ಕವು ತಪ್ಪಿದಾಗಲೂ ಬೇಸರಪಡದೆ ಮರಳಿ ಅದನ್ನೇ ಹಿಡಿಯುತ್ತೀರಿ, ಯಾವ ಪ್ರಯೋಗಶಾಲೆಯಲ್ಲಿ ಹೊತ್ತು ಹೋದದ್ದು ತಿಳಿಯದು ಎಂಬುದನ್ನು ಒಂದು ವರ್ಷ ಬರೆದಿಡಿರಿ. ಅಂಕಪಟ್ಟಿಗಿಂತ ಆ ಬರೆಹವು ಹೆಚ್ಚು ಸತ್ಯವನ್ನು ಹೇಳುವುದು. ಮೂರನೆಯದು: ರಜೆಯಲ್ಲಿ ಅನುಮತಿ ಪಡೆದು ಒಂದು ಸಬ್‌ಸ್ಟೇಷನ್ನನ್ನೂ, ಮೋಟಾರು ಸುತ್ತುವ ಅಂಗಡಿಯನ್ನೂ ನೋಡಿರಿ, ಲೈನ್‌ಮನ್ನನನ್ನು ಗೌರವದಿಂದ ಮಾತನಾಡಿಸಿರಿ. ಪುಸ್ತಕದಲ್ಲಿ ಸುಂದರವಾಗಿ ಕಂಡ ಶಾಖೆಯ ದಿನನಿತ್ಯದ ಬದುಕು ಹೇಗಿರುವುದೆಂದು ಆಗ ತಿಳಿಯುವುದು.

ಸಂಬಳದ ಯೋಚನೆ ನೀಚವೇ? ಅಲ್ಲವೇ ಅಲ್ಲ. ಒತ್ತೆಯಿಟ್ಟ ಹೊಲವನ್ನು ಬಿಡಿಸಿಕೊಳ್ಳುವುದೂ ಮಗನ ಧರ್ಮವೇ. ಆದರೆ ಇಂದಿನ ಸಂತೆಯ ಧಾರಣೆಯನ್ನು ನೋಡಿ ಮೂವತ್ತು ವರ್ಷಗಳ ಕಾಯಕವನ್ನು ನಿಶ್ಚಯಿಸಬಾರದು. ಹತ್ತಿಯ ಧಾರಣೆಯನ್ನು ಬಲ್ಲ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಮದುವೆಯ ಚಪ್ಪರದಲ್ಲಿ ಕೇಳಿದ ಮಾತಿನಿಂದ ಮಕ್ಕಳ ಶಾಖೆಯನ್ನು ಗೊತ್ತುಮಾಡಬೇಡಿರಿ. ನಿನ್ನ ಪ್ರಶ್ನೆ ಯಾವುದೆಂದು ಅವರನ್ನೇ ಕೇಳಿರಿ.

ನಮ್ಮ ತಂದೆಯವರ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ನಾನು ರಕ್ಷಣಾ ಶಾಖೆಯನ್ನು ತಡವಾಗಿ ಸೇರಿದೆನು. ಹಿಂದೆ ಕಲಿತ ಎಲೆಕ್ಟ್ರಾನಿಕ್ಸೂ ಅಲ್ಲಿ ಉಪಯೋಗಕ್ಕೆ ಬಂದಿತು. ಕೆಲವು ವರ್ಷಗಳ ಮೇಲೆ ಊರಿಗೆ ಹೋಗಿ, ವೋಲ್ಟೇಜು ಇಳಿದೊಡನೆ ಮೋಟಾರನ್ನು ನಿಲ್ಲಿಸುವ ರಿಲೇಯೊಂದನ್ನು ನಮ್ಮ ಸ್ಟಾರ್ಟರಿಗೆ ಜೋಡಿಸಿದೆನು. ಅವರು ಹೆಚ್ಚೇನೂ ಹೇಳಲಿಲ್ಲ. ಸ್ಟಾರ್ಟರಿನ ಪೆಟ್ಟಿಗೆಯನ್ನು ತಮ್ಮ ವಲ್ಲಿಯಿಂದ ಒರೆಸಿದರು. ನನಗೆ ಅದೇ ಪದವಿಪ್ರದಾನವಾಯಿತು.

ನಿನ್ನೆಯ ಆ ತರುಣನು ಈ ಸಭೆಯಲ್ಲಿರುವನು. ಅವನಿಗೂ, ಅವನಂಥ ಎಲ್ಲರಿಗೂ ತಮ್ಮ ಪ್ರಶ್ನೆಯು ಬೇಗನೆ ದೊರೆಯಲೆಂದು ಹಾರೈಸುವೆನು.